ಚೀಟಿ ಕೊಟ್ಟು, ಓದಿಯೂ ಹೇಳುವ ನಮ್ಮೂರ ಬಿಸಿ ಪಾಯಿಂಟ್

ಇಂಡಿ ತಾಲೂಕಿನ ನಮ್ಮೂರಲ್ಲಿ ಬ್ಯಾಂಕ್ ಇಲ್ಲ. ಹಣ ತೆಗೆಯಬೇಕೆಂದರೆ ಇಂಡಿಗೆ ಬಸ್ ಹಿಡಿಯಬೇಕು, ಪಾಳಿ ನಿಲ್ಲಬೇಕು, ಅವತ್ತಿನ ಕೂಲಿ ಬಿಡಬೇಕು. ಅತ್ತೆಯ ಜನಧನ್ ಖಾತೆ ತೆರೆದಿದ್ದು 2014ರಲ್ಲಿ. ಆದರೆ 2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬರತೊಡಗಿದ ಮೇಲೇ ಆ ಪಾಸ್‌ಬುಕ್ ಪೆಟ್ಟಿಗೆಯಿಂದ ಹೊರಗೆ ಬಂತು.

ಈಗ ನಾವು ಹೋಗುವುದು ಗುಡಿ ಪಕ್ಕದ ಬಿಸಿ ಪಾಯಿಂಟ್‌ಗೆ. ಬಿಸಿ ಅಂದರೆ ಬಿಸಿನೆಸ್ ಕರೆಸ್ಪಾಂಡೆಂಟ್, ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವವರು. ನಡೆಸುವವರು ಊರ ಸ್ವಸಹಾಯ ಸಂಘದ ಹೆಣ್ಣುಮಗಳು. ಎಲ್ಲರೂ ಬಿಸಿ ಸಖಿ ಅಂತಾರೆ. ಒಂದು ಟೇಬಲ್, ಒಂದು ಸಣ್ಣ ಮಷೀನು, ಅಷ್ಟೇ. ಆಧಾರ್ ಜೋಡಿಸಿದ ಖಾತೆ ಯಾವ ಬ್ಯಾಂಕಿನದ್ದಾದರೂ ಬೆರಳು ಒತ್ತಿ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು.

ನಮ್ಮ ಅತ್ತೆಗೆ ಕಷ್ಟ ಆಗುತ್ತಿದ್ದದ್ದೇ ಆ ಬೆರಳಿನಿಂದ. ಮೂವತ್ತು ವರ್ಷದಿಂದ ನಿಂಬೆ ತೋಟದಲ್ಲಿ ಕಾಯಿ ಬಿಡಿಸುತ್ತಾರೆ. ಮುಳ್ಳು ಚುಚ್ಚಿ, ಹುಳಿ ತಾಗಿ ಹೆಬ್ಬೆರಳಿನ ಗೆರೆ ಸವೆದುಹೋಗಿವೆ. ಮೊದಲು ಹೋಗುತ್ತಿದ್ದ ಬೇರೊಂದು ಕಡೆ, ಒಂದು ದಿನ ಮೂರು ಸಲ ಒತ್ತಿಸಿ "ಸರ್ವರ್ ಇಲ್ಲ, ನಾಳೆ ಬಾ ಅಜ್ಜಿ" ಅಂದರು. ಮಷೀನಿನ ರಸೀದಿ ಚೀಟಿ ಕೊಡಲಿಲ್ಲ. ಮುಂದೆ ಇಂಡಿಯಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ನೋಡಿದರೆ, ಅದೇ ದಿನ 2,000 ಹೋಗಿದೆ! ವ್ಯವಹಾರ ಅರ್ಧಕ್ಕೆ ನಿಂತು ಖಾತೆಯಿಂದ ಹಣ ಕಡಿತವಾದರೆ ಐದು ದಿನದೊಳಗೆ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ನಮಗೆ ಅದು ಗೊತ್ತಿರಲಿಲ್ಲ. ಕೇಳಲು ಹೋದರೆ "ಚೀಟಿ ಎಲ್ಲಿ?" ಅಂದರು. ಅತ್ತೆ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಈ ಸಖಿ ಮೊದಲ ದಿನವೇ ಒದ್ದೆ ಬಟ್ಟೆಯಿಂದ ಅತ್ತೆಯ ಕೈ ಒರೆಸಿದರು. ಒಂದೊಂದೇ ಬೆರಳು ಇಟ್ಟು ನೋಡಿದರು. ಕೊನೆಗೆ ಎಡಗೈ ಉಂಗುರ ಬೆರಳು ಹಿಡಿಯಿತು. ಪಾಸ್‌ಬುಕ್ಕಿನ ಹೊದಿಕೆ ಮೇಲೆ "ಎಡಗೈ, ಉಂಗುರ ಬೆರಳು" ಅಂತ ಪೆನ್ನಲ್ಲಿ ಬರೆದೂ ಕೊಟ್ಟರು. ಹಣ ಎಣಿಸಿ ಕೊಡುತ್ತಾರೆ, ಚೀಟಿ ಹರಿದು ಕೊಡುತ್ತಾರೆ, ಆಮೇಲೆ ಗಟ್ಟಿಯಾಗಿ ಓದುತ್ತಾರೆ: ಎಷ್ಟು ತೆಗೆದಿರಿ, ಎಷ್ಟು ಉಳೀತು. ಹಣ ಬಾರದಿದ್ದರೂ ಚೀಟಿ ತಪ್ಪುವುದಿಲ್ಲ. ಮೇಲೆ ಒಂದು ರೂಪಾಯಿ ಕೇಳುವುದಿಲ್ಲ, ಅವರಿಗೆ ಕಮಿಷನ್ ಬ್ಯಾಂಕೇ ಕೊಡುತ್ತದೆ.

ಕೀನ್ಯಾದಲ್ಲಿ 2007ರಿಂದ ಎಂ-ಪೆಸಾ ಅಂತ ಇದೆ. ಅಲ್ಲೂ ಹೀಗೇ ಊರೂರಿನ ಸಣ್ಣ ಅಂಗಡಿಗಳಲ್ಲಿ ಹಣ ಕಟ್ಟಿ ತೆಗೆಯುತ್ತಾರೆ. ಆದರೆ ಪ್ರತಿ ಸಲ ಗಿರಾಕಿಯ ಮೊಬೈಲಿಗೇ ಮೆಸೇಜ್ ಬರುತ್ತದೆ. ನಮ್ಮ ಅತ್ತೆ ಹತ್ತಿರ ಮೊಬೈಲ್ ಇಲ್ಲ, ಓದಲೂ ಬರುವುದಿಲ್ಲ. ಅವರಿಗೆ ಆ ಚೀಟಿ ಮತ್ತು ಆ ದನಿಯೇ ಮೆಸೇಜು, ಅಲ್ವಾ?

ಕೊರತೆ ಇಲ್ಲ ಅಂತಲ್ಲ. ಗೃಹಲಕ್ಷ್ಮಿ ಹಣ ಬಿದ್ದ ದಿನ ಹನ್ನೊಂದು ಗಂಟೆಗೆಲ್ಲ ನಗದು ಖಾಲಿ. ಸಖಿಯೇ ಇಂಡಿಗೆ ಹೋಗಿ, ಅಷ್ಟೂ ದುಡ್ಡು ಚೀಲದಲ್ಲಿಟ್ಟು ಬಸ್ಸಲ್ಲಿ ತರಬೇಕು. ಒಬ್ಬ ಹೆಣ್ಣುಮಗಳ ಮೇಲೆ ಇಷ್ಟು ಭಾರ ಹಾಕುವುದು ಸರಿಯಲ್ಲ, ಬ್ಯಾಂಕಿನವರೇ ನಗದು ತಲುಪಿಸಬೇಕು. ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ. ಬೆರಳು ಸವೆದವರಿಗೆ ಕಣ್ಣು ನೋಡಿ ಗುರುತು ಹಿಡಿಯುವ ಮಷೀನುಗಳಿವೆ. ನಿಂಬೆ ಬಿಡಿಸುವ ಊರಿಗೆ ಅದು ಮೊದಲು ಬರಬೇಕಿತ್ತು.

ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಪಾಸ್‌ಬುಕ್ ಒಯ್ಯಿರಿ. ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ. ನಾನು ಅವತ್ತೇ ಫೋಟೊ ತೆಗೆದಿಡುತ್ತೇನೆ. ಅತ್ತೆ ಮಾತ್ರ ಬಿಳಿಯಾದ ಚೀಟಿಗಳನ್ನೂ ಕುಂಕುಮದ ಡಬ್ಬಿಯಲ್ಲಿ ಮಡಚಿ ಇಟ್ಟಿದ್ದಾರೆ.