ಜೀವಾಣು ಗೊಬ್ಬರದ ಪೊಟ್ಟಣ ಕೊಳ್ಳುವ ಮುನ್ನ: ಸಸಿ ಬೆಳೆಸುವವರ ಗಮನಕ್ಕೆ

ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದಲ್ಲಿ ನೆಡುವುದಕ್ಕೆಂದು ಹೊನ್ನೆ, ಬೀಟೆ ಸಸಿಗಳನ್ನು ಬೆಳೆಸುವ ಸಣ್ಣ ನರ್ಸರಿಯೊಂದನ್ನು ತೀರ್ಥಹಳ್ಳಿ ಸೀಮೆಯ ನಮ್ಮ ಊರಿನವರು ಸೇರಿ ನಡೆಸುತ್ತಿದ್ದೇವೆ. ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಬಂದ ಮಾರಾಟಗಾರರೊಬ್ಬರು, ಬೇರಿನೊಂದಿಗೆ ಬೆಳೆಯುವ ಮೈಕೊರೈಜಾ ಶಿಲೀಂಧ್ರ, ಬೇರುಗಂಟಿನ ರೈಜೋಬಿಯಂ ಬ್ಯಾಕ್ಟೀರಿಯಾ, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಮೂರೂ ಒಂದರಲ್ಲೇ ಇರುವ ಜೀವಾಣು ಗೊಬ್ಬರವೆಂದು ಹೇಳಿ ಕಪ್ಪು ಪುಡಿಯ ಪೊಟ್ಟಣಗಳನ್ನು ಮಾರಿಹೋದರು. ಇದನ್ನು ಹಾಕಿದ ಮೇಲೆ ಕೊಟ್ಟಿಗೆ ಗೊಬ್ಬರವಾಗಲಿ ಕಾಡುಮಣ್ಣಾಗಲಿ ಬೇಕಿಲ್ಲ, ಸಸಿ ಬೇಗ ಏಳಲು ಡಿಎಪಿ ರಸಗೊಬ್ಬರ ಕರಗಿಸಿದ ನೀರು ಕೊಡಿ, ಬುಡ ಕೊಳೆಯದಂತೆ ಕಾರ್ಬೆಂಡಜಿಮ್ ಔಷಧ ಸುರಿಯಿರಿ ಎಂಬುದು ಅವರ ಸಲಹೆಯಾಗಿತ್ತು. ಮಳೆಗಾಲ ಹಿಡಿಯುವ ಹೊತ್ತಿಗೆ ಆ ಸಸಿಗಳು ಗೇಣುದ್ದವೂ ಏಳದೆ, ಎಲೆ ಹಳದಿಯಾಗಿ, ನೆಡಲು ಯೋಗ್ಯವಾಗಿ ಉಳಿಯಲಿಲ್ಲ. ಪೊಟ್ಟಣ ಸಾಲದೆ ಹಳೆಯ ಕ್ರಮದಲ್ಲೇ ಬೆಳೆದ ಒಂದು ಸಾಲು ಮಾತ್ರ ಹಸಿರಾಗಿ ನಿಂತಿತ್ತು.

ಎರಡೂ ಕಡೆಯ ಹೊನ್ನೆ ಸಸಿಗಳ ಚೀಲ ಹರಿದು, ಬೇರು ತೊಳೆದು ನೋಡಿದೆವು. ಹಳೆಯ ಕ್ರಮದ ಸಸಿಯ ಬೇರಿನ ತುಂಬ ಸಾಸಿವೆ ಗಾತ್ರದ ಗಂಟುಗಳಿದ್ದವು. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಂಟಿನೊಳಗಿನ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತಿದೆ ಎಂಬುದಕ್ಕೆ ಆ ಕೆಂಪೇ ಗುರುತು. ಪುಡಿ ಹಾಕಿದ ಸಸಿಗಳ ಬೇರು ಬಹುತೇಕ ಬೋಳಾಗಿತ್ತು. ಅಲ್ಲೊಂದು ಇಲ್ಲೊಂದು ಇದ್ದ ಗಂಟು ಒಳಗೆ ಬಿಳಿಚಿಕೊಂಡಿತ್ತು. ಹಳೆಯ ಹೊನ್ನೆ ಮರದ ಬುಡದಿಂದ ದರಕು (ಉದುರಿದ ಒಣ ಎಲೆ) ಸರಿಸಿ ತಂದ ಒಂದು ಬುಟ್ಟಿ ಮಣ್ಣಿನಲ್ಲಿ ಆ ಮರಕ್ಕೆ ಒಗ್ಗುವ ಜೀವಾಣುಗಳು ಮೊದಲೇ ಇರುತ್ತವೆ. ಅದನ್ನು ಬಿಡಿಸಿದ್ದೇ ಆ ಸಲಹೆಯಿಂದಾದ ದೊಡ್ಡ ನಷ್ಟವೆಂದು ನನಗೆ ಅನಿಸುತ್ತದೆ.

ಜೀವಾಣು ಗೊಬ್ಬರವೇ ಮೋಸವೆಂದು ನಾನು ಹೇಳುತ್ತಿಲ್ಲ. ಮಲೆನಾಡಿನ ಹುಳಿ ಗುಣದ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಬೇರು ತಲುಪದ ಕಡೆಗೂ ಎಳೆ ಚಾಚಿ ರಂಜಕ ತರುವ ಮೈಕೊರೈಜಾ ಶಿಲೀಂಧ್ರ ನಮ್ಮ ಸಸಿಗಳಿಗೆ ನಿಜಕ್ಕೂ ಬೇಕು. ಆದರೆ ಡಿಎಪಿಯಿಂದ ರಂಜಕ ಧಾರಾಳವಾಗಿ ಸಿಕ್ಕಿದರೆ ಬೇರು ಈ ಶಿಲೀಂಧ್ರವನ್ನು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಾರ್ಬೆಂಡಜಿಮ್ ಅಂತೂ ಶಿಲೀಂಧ್ರನಾಶಕವೇ. ಶಿಲೀಂಧ್ರವನ್ನು ಮಾರುವವರೇ ಈ ಎರಡನ್ನೂ ಕೊಡಿ ಎಂದರೆ ಅವರಿಂದ ಏನನ್ನೂ ಕೊಳ್ಳಬೇಡಿ.

ಪೊಟ್ಟಣವನ್ನೂ ಪರೀಕ್ಷಿಸಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಜೀವಾಣು ಗೊಬ್ಬರಗಳು 2006ರಲ್ಲಿ ಸೇರಿವೆ. ಅದರ ಪ್ರಕಾರ ಪುಡಿ ರೂಪದ ರೈಜೋಬಿಯಂನ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. ಅವು ಬದುಕಿರಲು ಪುಡಿಯಲ್ಲಿ ತೇವವಿರಲೇಬೇಕು. ಮುಷ್ಟಿಯಲ್ಲಿ ಹಿಡಿದರೆ ತಂಪಾಗಿ ಅಂಟಿಕೊಳ್ಳಬೇಕು. ನಮಗೆ ಸಿಕ್ಕ ಪೊಟ್ಟಣವನ್ನು ಕತ್ತರಿಸಿದೊಡನೆ ಧೂಳೆದ್ದಿತು. ಬ್ಯಾಚ್ ಸಂಖ್ಯೆಯ ಜಾಗ ಖಾಲಿಯಿತ್ತು, ತಯಾರಿಕೆಯ ದಿನಾಂಕದ ಮೇಲೆ ಇನ್ನೊಂದು ಚೀಟಿ ಅಂಟಿಸಲಾಗಿತ್ತು. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ವಾಹನದೊಳಗೆ ಊರೂರು ಸುತ್ತಿದ ಸರಕು ಅದು.

ಎಷ್ಟೇ ನಂಬಿಕೆಯ ಕಡೆಯಿಂದ ತಂದರೂ ಒಂದು ಸಾಲಿಗೆ ಹಾಕದೆ ಬಿಡಿ; ಹೋಲಿಸಿ ನೋಡಲು ಅದೊಂದೇ ದಾರಿ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಬರೆಸಿಕೊಳ್ಳಿ, ಒಂದು ಪೊಟ್ಟಣವನ್ನು ಒಡೆಯದೆ ನೆರಳಿನಲ್ಲಿ ತೆಗೆದಿಡಿ. ದೂರು ಕೊಡಲು ಹೊರಟಾಗ ನಮ್ಮ ಬಳಿ ಇವೆರಡೂ ಇರಲಿಲ್ಲ, ಮಾರಾಟಗಾರರು ಕೊಟ್ಟಿದ್ದ ಮೊಬೈಲ್ ಸಂಖ್ಯೆಯೂ ಆ ಹೊತ್ತಿಗೆ ಬಂದ್ ಆಗಿತ್ತು.