ಆಯಿಲ್ ಕುಡಿಯುವ ಹಳೆ ಎಟಿವಿ: ದಪ್ಪ ಆಯಿಲ್, ಬರೀ ರಿಂಗು, ಬೋರಿಂಗು, ಮೂರೂ ಮಾಡಿಸಿ ನೋಡಿದೆ

ಸೇಡಂ ಕಡೆಯ ನಮ್ಮ ತೊಗರಿ ಹೊಲಕ್ಕೆ ಅಂತ ಎರಡು ವರ್ಷದ ಹಿಂದೆ ಒಂದು ಹಳೆ ಎಟಿವಿ, ಅಂದರೆ ಹೊಲ ಹಳ್ಳದಲ್ಲೂ ಓಡುವ ದಪ್ಪ ಚಕ್ರದ ಗಾಡಿ, ತಂದೆ. 250 ಸಿಸಿ, ಒಂದೇ ಸಿಲಿಂಡರ್. ಹೂವು, ಕಾಯಿ ಬಿಡುವಾಗ ಔಷಧದ ನೀರು ಬದುವಿನ ಮೇಲೆ ಸಾಗಿಸೋದು, ರಾಶಿ ಕಾಲಕ್ಕೆ ಚೀಲ ಹೊರೋದು ಅದರ ಕೆಲಸ. ತಂದ ತಿಂಗಳಲ್ಲೇ ಆಯಿಲ್ ಕುಡಿಯೋಕೆ ಶುರುವಾಯಿತು. ಹತ್ತು ತಾಸು ಓಡಿಸಿದರೆ ಕಾಲು ಲೀಟರ್ ಮಾಯ. ರೋಡಿಗೆ ಇಳಿಸುವ ಗಾಡಿಯಲ್ಲ, ಹಾಗಾಗಿ ಪ್ರತಿ ಸಲ ಟಂಟಂನಲ್ಲಿ ಹೇರಿಕೊಂಡು ಕಲಬುರಗಿಗೆ ಒಯ್ಯಬೇಕು. ಆ ಬಾಡಿಗೆಯೂ ಸೇರಿ ಖರ್ಚು ಏರುತ್ತಾ ಹೋಯಿತು.

ಮೊದಲು ಮಾಡಿದ್ದು ಎಲ್ಲರೂ ಹೇಳುವ ಉಪಾಯ: 10ಡಬ್ಲ್ಯೂ-40 ಆಯಿಲ್ ತೆಗೆದು ಅದಕ್ಕಿಂತ ದಪ್ಪನೆಯ 20ಡಬ್ಲ್ಯೂ-50 ಹಾಕಿಸಿದೆ. ಒಂದು ವಾರ ಹೊಗೆ ಕಡಿಮೆ ಕಂಡಿತು, ಆಮೇಲೆ ಅದೇ ಕಥೆ. ಸವೆದ ಜಾಗ ದಪ್ಪ ಆಯಿಲಿನಿಂದ ತುಂಬಿಕೊಳ್ಳೋದಿಲ್ಲ. ಇದರ ಬಗ್ಗೆ ಇಷ್ಟು ಸಾಕು.

ಎರಡನೆಯದು ರಿಂಗ್, ಅಂದರೆ ಪಿಸ್ಟನ್ನಿನ ಸುತ್ತ ಕೂತು ಸಿಲಿಂಡರಿನ ಗೋಡೆಗೆ ಒತ್ತಿಕೊಂಡಿರುವ ಬಳೆ. "ಅಣ್ಣಾ, ರಿಂಗ್ ಹೋಗ್ಯಾವ, ಹೊಸಾವು ಹಾಕಿದ್ರ ಮುಗೀತು ನೋಡ್ರಿ" ಅಂದ ಮಿಸ್ತ್ರಿ. ವಾಲ್ವಿನ ಕಡೆಯಿಂದ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸೀಲನ್ನೂ ಬದಲಿಸಿದ. ನಲವತ್ತು ತಾಸು ಗಾಡಿ ಚೆನ್ನಾಗಿಯೇ ಓಡಿತು. ನಂತರ ರೇಸ್ ಕೊಟ್ಟಾಗೆಲ್ಲ ಮತ್ತೆ ನೀಲಿ ಹೊಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬುಸ್ಸೆಂದು ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲು. ಲೋಡ್ ಬಿದ್ದಾಗೆಲ್ಲ ಬರುತ್ತಿದ್ದರೆ ಅನುಮಾನ ಹೋಗಬೇಕಾದ್ದು ರಿಂಗು, ಬೋರಿನ (ಸಿಲಿಂಡರಿನ ಒಳಗೋಡೆಯ) ಕಡೆಗೆ. ನಲವತ್ತು ತಾಸಿಗೇ ಹೊಸ ರಿಂಗ್ ಹೋಯಿತೆಂದರೆ ತಪ್ಪು ರಿಂಗಿನದಲ್ಲ. ಅದನ್ನು ತಿನ್ನುವಂಥದ್ದು ಏನೋ ಒಳಗೆ ಹೋಗುತ್ತಿದೆ.

ಇಲ್ಲಿಂದ ಮುಂದೆ ಬಿಚ್ಚುವ ಮೊದಲು ಅಳೆಯೋಣ ಅಂತ ತೀರ್ಮಾನಿಸಿದೆ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜು 72 ಪಿಎಸ್‌ಐ ತೋರಿಸಿತು. ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಅಳೆದರೆ 95. ಆಯಿಲ್ ಬಿಟ್ಟಾಗ ಏರಿತು, ಅಂದರೆ ಸೋರಿಕೆ ರಿಂಗಿನ ಹತ್ತಿರ. ಅದು ಸರಿ. ಆದರೆ 72 ಅನ್ನೋ ಅಂಕಿ ನೋಡಿ ಹೆದರಬೇಕಿರಲಿಲ್ಲ. ಇಂಥ ಎಷ್ಟೋ ಇಂಜಿನ್‌ಗಳಲ್ಲಿ ಸುಲಭವಾಗಿ ಸ್ಟಾರ್ಟ್ ಆಗಲಿ ಅಂತ ವಾಲ್ವ್ ತೆರೆಯುವ ಕ್ಯಾಮಿನಲ್ಲಿ ಡಿಕಂಪ್ರೆಷನ್ ವ್ಯವಸ್ಥೆ ಇರುತ್ತದೆ. ನಿಧಾನಕ್ಕೆ ತಿರುಗುವಾಗ ಅದು ವಾಲ್ವನ್ನು ಒಂದಿಷ್ಟು ಎತ್ತಿ ಹಿಡಿಯುತ್ತದೆ, ಗೇಜು ಯಾವತ್ತೂ ಕಡಿಮೆಯೇ ತೋರಿಸುತ್ತದೆ. ಈಗ ಹೊಸ ಪಿಸ್ಟನ್ ಹಾಕಿದ ಮೇಲೂ ನನ್ನದು 104 ದಾಟಿಲ್ಲ.

ಹಾಗಾಗಿ ನನಗೆ ಹೆಚ್ಚು ಭರವಸೆ, ಸಿಲಿಂಡರಿಗೆ ಬಿಟ್ಟ ಗಾಳಿಯಲ್ಲಿ ಎಷ್ಟು ಸೋರುತ್ತದೆ ಅಂತ ತೋರಿಸುವ ಲೀಕ್-ಡೌನ್ ಗೇಜಿನ ಮೇಲೆ. ಪಿಸ್ಟನನ್ನು ಕಂಪ್ರೆಷನ್ನಿನ ತುದಿಗೆ ತಂದು, ಕ್ರ್ಯಾಂಕ್ ತಿರುಗದಂತೆ ಪಾನಾ ಹಾಕಿ ಹಿಡಿದು, ಪ್ಲಗ್ಗಿನ ತೂತಿನಿಂದ ಗಾಳಿ ಬಿಡಬೇಕು. ಹಿಡಿತ ತಪ್ಪಿದರೆ ಪಾನಾ ಸಿಡಿದು ಕೈಗೆ ಬಡಿಯುತ್ತದೆ, ಜೋಕೆ. ಗಾಳಿ ಕೊಟ್ಟವರು ನಮ್ಮೂರ ಪಂಕ್ಚರ್ ಅಂಗಡಿಯ ಕಾಕಾ. ಸೋರಿಕೆ ನೂರಕ್ಕೆ 38. ಹತ್ತರ ಒಳಗಿದ್ದರೆ ಚಿಂತೆಯಿಲ್ಲ. ಕಾಕಾ ಸೈಲೆನ್ಸರಿಗೆ ಕಿವಿ ಹಚ್ಚಿದರು, ಕಾರ್ಬ್ಯುರೇಟರಿಗೆ ಹಚ್ಚಿದರು, ಎರಡೂ ಕಡೆ ಸದ್ದಿಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದ ಕೂಡಲೇ "ಇಲ್ಲಿ ಬುಸುಗುಡ್ಲತ್ತದ ನೋಡಪಾ" ಅಂದರು. ವಾಲ್ವ್ ಎರಡೂ ಗಟ್ಟಿ, ಗಾಳಿ ಪೂರ್ತಿ ರಿಂಗ್ ದಾಟಿ ಕೆಳಗೆ ಇಳಿಯುತ್ತಿತ್ತು.

ಇನ್ನು ರಿಂಗನ್ನು ತಿನ್ನುವ ಮಣ್ಣು ಎಲ್ಲಿಂದ ಬರುತ್ತದೆ ಅನ್ನೋದು ಉಳಿಯಿತು. ಫಿಲ್ಟರ್ ದಾಟಿದ ಮೇಲಿನ ರಬ್ಬರ್ ಕೊಳವೆಯ ಒಳಗೆ ತೆಳ್ಳಗೆ ಗ್ರೀಸ್ ಸವರಿ ಒಂದು ದಿನ ಓಡಿಸಿದೆ. ಸಂಜೆ ಬಿಚ್ಚಿ ಬೆರಳಾಡಿಸಿದರೆ ಗರಗರ ಅನ್ನುವ ಕರಿಮಣ್ಣು, ಅದೂ ಕೆಳಭಾಗದಲ್ಲೇ ಹೆಚ್ಚು. ಕೊಳವೆಯನ್ನು ಮಡಚಿ ಹಿಡಿದಾಗ ಕ್ಲಿಪ್ಪಿನ ಅಡಿಯಲ್ಲಿ ಉಗುರಿನಷ್ಟು ಉದ್ದದ ಬಿರುಕು ಕಂಡಿತು. ಸುಮ್ಮನೆ ನೋಡಿದರೆ ಕಾಣುವಂಥದ್ದಲ್ಲ. ಮೇಲಾಗಿ ಸ್ಪಂಜಿನ ಫಿಲ್ಟರನ್ನು ಮಾರಿದವರು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಹಾಗೇ ಕೂರಿಸಿದ್ದರು. ಎಣ್ಣೆ ಸವರದ ಸ್ಪಂಜು ನಮ್ಮ ಎರೆಮಣ್ಣಿನ ಸಣ್ಣ ದೂಳನ್ನು ತಡೆಯೋದಿಲ್ಲ. ಮಣ್ಣಿನಲ್ಲಿರುವ ಸಿಲಿಕಾ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಆಯಿಲಿನ ಜೊತೆ ಸೇರಿದರೆ ಸಾಣೆಕಲ್ಲಿನ ಕೆಲಸ ಮಾಡುತ್ತದೆ.

ಮೂರನೆಯದು ಬೋರಿಂಗ್, ಅಂದರೆ ಸವೆದ ಸಿಲಿಂಡರಿನ ಒಳಗನ್ನು ಕೊರೆದು ದೊಡ್ಡ ಪಿಸ್ಟನ್ ಕೂರಿಸೋದು. ಸಿಲಿಂಡರ್ ಹೊರಬಂದಾಗ ಒಳಗೆ ಉದ್ದುದ್ದ ಸಣ್ಣ ಗೀರುಗಳಿದ್ದವು. ಕೂರಿಸುವಾಗ 0.35 ಮಿಮೀ ಇದ್ದ ರಿಂಗಿನ ತುದಿಗಳ ಸಂದು 0.90ಕ್ಕೆ ಹೋಗಿತ್ತು. 0.50 ಮಿಮೀ ದೊಡ್ಡ ಸೈಜಿನ ಪಿಸ್ಟನ್ ತಂದು ಲೇಥಿನಲ್ಲಿ ಬೋರ್ ಮಾಡಿಸಿ, ಅಡ್ಡಗೀರು ಬರುವಂತೆ ಹೋನಿಂಗ್, ಅಂದರೆ ಸಾಣೆಕಲ್ಲಿನಿಂದ ಒಳಗೋಡೆ ಉಜ್ಜುವ ಕೆಲಸ, ಮಾಡಿಸಿದೆ. ಹಿಂದಿನ ಸಲ ಸಿಲಿಂಡರನ್ನು ಬರೀ ಪೆಟ್ರೋಲಿನಿಂದ ಒರೆಸಿದ್ದರು, ಅದರಿಂದ ಹೋನಿಂಗಿನ ಪುಡಿ ಪೂರ್ತಿ ಹೋಗೋದಿಲ್ಲ. ಈ ಸಲ ನಾನೇ ಕೂತು ಬಿಸಿನೀರು, ಸೋಪು, ಬ್ರಶ್ಶಿನಿಂದ ಉಜ್ಜಿದೆ. ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಒರೆಸಿದರೆ ಮೊದಲು ಬೂದು ಬಣ್ಣ ಬರುತ್ತಿತ್ತು, ನಾಲ್ಕನೇ ತೊಳೆತಕ್ಕೆ ಬಟ್ಟೆ ಬಿಳಿಯಾಗೇ ಉಳಿಯಿತು. ಆಮೇಲೆಯೇ ಜೋಡಿಸಲು ಕೊಟ್ಟೆ. ಕೊಳವೆಯನ್ನೂ ಕ್ಲಿಪ್ಪನ್ನೂ ಹೊಸದು ಹಾಕಿಸಿದೆ.

ಈ ಮೂರರಲ್ಲಿ ನನ್ನ ಮತ ಬೋರಿಂಗಿಗೆ. ಆದರೆ ಆ ಕೊಳವೆ ಬದಲಿಸದಿದ್ದರೆ ಹೊಸ ಪಿಸ್ಟನ್ನೂ ರಿಂಗಿನ ದಾರಿಯನ್ನೇ ಹಿಡಿಯುತ್ತಿತ್ತು. ಬೋರ್ ಗೇಜು ಹಾಕಿ ಅಳೆದಾಗ ಮೇಲೂ ಕೆಳಗೂ ಒಂದೇ ಅಳತೆ ಬಂದು, ಗೀರೂ ಇಲ್ಲದಿದ್ದರೆ ಮಾತ್ರ ಬರೀ ರಿಂಗಿಗೆ ದುಡ್ಡು ಹಾಕಿ.

ಫಿಲ್ಟರಿನಲ್ಲೂ ಎರಡು ಬಗೆ ಓಡಿಸಿ ನೋಡಿದೆ. ಕಾಗದದ್ದು ಸಣ್ಣ ದೂಳನ್ನು ಚೆನ್ನಾಗಿ ಹಿಡಿಯಿತು, ಆದರೆ ರಾಶಿ ದಿನಗಳಲ್ಲಿ ಎರಡೇ ದಿನಕ್ಕೆ ಕಟ್ಟಿಕೊಂಡಿತು. ಕಂಪ್ರೆಸರ್ ಗಾಳಿಯಿಂದ ಊದಿಸಲು ಹೋಗಿ ಒಂದನ್ನು ಹರಿದುಕೊಂಡೆ. ಕೊನೆಗೆ ಫಿಲ್ಟರಿಗೆಂದೇ ಇರುವ ಅಂಟಂಟು ಆಯಿಲ್ ಹಚ್ಚಿದ ಸ್ಪಂಜನ್ನೇ ಇಟ್ಟುಕೊಂಡಿದ್ದೇನೆ, ಅಂಚಿಗೂ ಗ್ರೀಸ್ ಸವರುತ್ತೇನೆ. ರಾಶಿ ಕಾಲದಲ್ಲಿ ಎರಡು ಸ್ಪಂಜು ಇರಬೇಕು: ಒಂದು ಗಾಡಿಯಲ್ಲಿ, ಇನ್ನೊಂದು ಸೋಪುನೀರಿನಲ್ಲಿ.

ಬೋರಿಂಗ್ ಆಗಿ 70 ತಾಸು ಓಡಿದೆ. ಲೀಕ್-ಡೌನ್ ನೂರಕ್ಕೆ 6. ಮೊನ್ನೆ ಮತ್ತೆ ಗ್ರೀಸ್ ಸವರಿ ಓಡಿಸಿ ಕೊಳವೆಗೆ ಬೆರಳಿಟ್ಟೆ, ನುಣ್ಣಗಿತ್ತು.