1932ರ ಎರಡು ರೇಸ್ ಚಿತ್ರಗಳು: ದೊಡ್ಡ ಸ್ಟುಡಿಯೋದ್ದು, ಬಡ ಕಂಪನಿಯದ್ದು

ಹಾಲಿವುಡ್ ಮಾತು ಕಲಿತ ಹೊಸದರಲ್ಲಿ ಕಾರ್ ರೇಸಿನ ಚಿತ್ರಗಳು ಸಾಲುಗಟ್ಟಿ ಬಂದವು. ಅವುಗಳಲ್ಲಿ ವಾರ್ನರ್ ಬ್ರದರ್ಸ್‌ನ ‘ದಿ ಕ್ರೌಡ್ ರೋರ್ಸ್’ ಮತ್ತು ವಿಲಿಸ್ ಕೆಂಟ್ ಸಂಸ್ಥೆಯ ‘ದಿ ರೇಸಿಂಗ್ ಸ್ಟ್ರೇನ್’ ಎರಡನ್ನೂ ಬೆನ್ನುಬೆನ್ನಿಗೆ ನೋಡಬೇಕು. ಎರಡೂ 1932ರವು.

ರೇಸೇ ಮುಖ್ಯ ಅನ್ನುವವರಿಗೆ ಮೊದಲನೆಯದಕ್ಕೆ ಸಾಟಿಯಿಲ್ಲ. ನಿರ್ದೇಶಕ ಹೊವಾರ್ಡ್ ಹಾಕ್ಸ್ ಲಾಸ್ ಏಂಜಲೀಸಿನ ಲೀಜನ್ ಆ್ಯಸ್ಕಾಟ್ ಟ್ರ್ಯಾಕಿಗೇ ಕ್ಯಾಮೆರಾ ಒಯ್ದರು. ಅಮೆರಿಕದ ಹೆಸರಾಂತ ಇಂಡಿಯಾನಾಪೊಲಿಸ್ ರೇಸನ್ನು 1930ರಲ್ಲಿ ಗೆದ್ದ ಬಿಲ್ಲಿ ಅರ್ನಾಲ್ಡ್, 1932ರಲ್ಲಿ ಗೆದ್ದ ಫ್ರೆಡ್ ಫ್ರೇಮ್ ಇಬ್ಬರೂ ಇದರಲ್ಲಿದ್ದಾರೆ. ಸ್ಪಡ್ ಎಂಬ ಚಾಲಕ ಕಾರಿನೊಂದಿಗೇ ಸುಟ್ಟುಹೋಗುವ ಭಾಗವನ್ನಂತೂ ಬಿಡಲೇಬಾರದು: ಉಳಿದವರು ಪ್ರತಿ ಸುತ್ತಿಗೂ ಅದೇ ಬೆಂಕಿ, ಹೊಗೆ ದಾಟಿ ಬರಬೇಕು, ಆ ವಾಸನೆ ಅವರ ಮುಖದ ಮೇಲೇ ಕಾಣುತ್ತದೆ. ಆದರೆ ನಾಯಕ ಜೇಮ್ಸ್ ಕ್ಯಾಗ್ನಿಯ ಮುಖ ಹತ್ತಿರದಿಂದ ತೋರಿಸಿದಾಗ ಹಿಂದೆ ಓಡುವ ರಸ್ತೆ ಬರೀ ಪರದೆ ಮೇಲಿನದೆಂದು ಗೊತ್ತಾಗಿಬಿಡುತ್ತದೆ.

‘ದಿ ರೇಸಿಂಗ್ ಸ್ಟ್ರೇನ್’ನ ಶಕ್ತಿ ಬೇರೆ ಕಡೆ ಇದೆ. ಮೂಕಿ ಕಾಲದಲ್ಲಿ ರೇಸ್ ಚಿತ್ರಗಳಿಂದಲೇ ಮೆರೆದು 1923ರಲ್ಲಿ ತೀರಿಕೊಂಡ ವಾಲೇಸ್ ರೀಡ್ ಅವರ ಮಗ ವಾಲಿ ರೀಡ್ ಜೂನಿಯರ್ ಇದರ ನಾಯಕ. ಕಥೆ ತಾಯಿ ಡೊರೊತಿ ಡೇವನ್‌ಪೋರ್ಟ್ ಅವರದ್ದು. ಹುಡುಗನಿಗೆ ಇನ್ನೂ ಹದಿನೈದರ ಆಸುಪಾಸು. ನಟನೆ ಹಸಿಯಾಗಿದೆ, ಆದರೆ ಅಪ್ಪನ ಜಾಗದಲ್ಲಿ ಮಗ ಕೂತಿದ್ದಾನೆಂಬ ಭಾರ ಯಾವ ದುಡ್ಡಿಗೂ ಸಿಗುವಂಥದ್ದಲ್ಲ.

ಬಡ ಕಂಪನಿಗಳ ರೇಸ್ ಸೋಲುವುದು ಜೋಡಣೆಯಲ್ಲಿ. ಹಳೇ ನ್ಯೂಸ್‌ರೀಲ್ (ಸುದ್ದಿಚಿತ್ರ) ತುಣುಕು ಕೊಂಡು, ನಿಂತ ಕಾರಿನಲ್ಲಿ ಕೂತ ನಟನ ಮುಖದ ಜೊತೆ ಅಂಟಿಸುವುದು ಅವರ ರೂಢಿ. ಪತ್ತೆ ಹಚ್ಚಲು ಸೀಟು ಎಣಿಸಿ. ಇಂಡಿಯಾನಾಪೊಲಿಸ್‌ನಲ್ಲಿ 1923ರಿಂದ 1929ರವರೆಗೆ ಕಾರುಗಳು ಬಹುಪಾಲು ಒಂಟಿ ಸೀಟಿನವು. 1930ರಿಂದ ಪಕ್ಕದಲ್ಲಿ ಮೆಕ್ಯಾನಿಕ್ ಕೂರುವುದು ಕಡ್ಡಾಯವಾಯಿತು. ಒಂದೇ ರೇಸಿನಲ್ಲಿ ಎರಡೂ ಬಗೆ ಬಂದರೆ ತುಣುಕು ಬೇರೆ ವರ್ಷದ್ದಿರಬಹುದು. ಎರಡನೇ ಗುರುತು ವೇಗ. ಮೂಕಿ ಕಾಲದಂತೆ ಸೆಕೆಂಡಿಗೆ 16 ಚೌಕಟ್ಟಿನಲ್ಲಿ (ಫ್ರೇಮ್) ತೆಗೆದದ್ದನ್ನು ಮಾತಿನ ಚಿತ್ರದ 24ರಲ್ಲಿ ಓಡಿಸಿದರೆ ಒಂದೂವರೆ ಪಟ್ಟು ಜೋರಾಗುತ್ತದೆ. ಕಂಪ್ಯೂಟರಿನಲ್ಲಿ ವಿಡಿಯೋ ನೋಡುವ ವಿಎಲ್‌ಸಿ ತಂತ್ರಾಂಶದಲ್ಲಿ ವೇಗ 0.67ಕ್ಕೆ ಇಳಿಸಿ ಬಾವುಟ ಬೀಸುವವನ ಕೈ ನೋಡಿ. ಅದು ಸಹಜವಾದರೆ ತುಣುಕು ಮೂಕಿ ಕಾಲದ್ದೋ, ಬೇಕೆಂದೇ ಕ್ಯಾಮೆರಾ ನಿಧಾನ ಓಡಿಸಿ ತೆಗೆದದ್ದೋ ಆಗಿರುತ್ತದೆ.

ಪ್ರತಿಯ ಗುಣದಲ್ಲೂ ಅಂತರವಿದೆ. ‘ದಿ ಕ್ರೌಡ್ ರೋರ್ಸ್’ನ ವಾರ್ನರ್ ಆರ್ಕೈವ್ ಡಿವಿಡಿ ಸ್ಪಷ್ಟವಾಗಿದೆ, ಆದರೆ ಈಗ ಉಳಿದಿರುವುದು ಮೊದಲಿಗಿಂತ ಮೊಟಕಾದ, ಸುಮಾರು 70 ನಿಮಿಷದ ಆವೃತ್ತಿ. ಎರಡನೆಯದರ ಓಡಾಡುವ ಪ್ರತಿಗಳು ಸವೆದವು. ಎಂಜಿನ್ ಸದ್ದಿನಡಿ ಮಾತು ಹೂತುಹೋಗುತ್ತದೆ. ಟಿವಿ ಸ್ಪೀಕರಿಗಿಂತ ಹೆಡ್‌ಫೋನ್ ವಾಸಿ. ಪಕ್ಕದಿಂದ ಕಾಣುವ ಚಕ್ರದ ಮೇಲೆ ಒಮ್ಮೆ ಚಿತ್ರ ನಿಲ್ಲಿಸಿ: ಅದು ಮೊಟ್ಟೆಯಾಕಾರವಾಗಿದ್ದರೆ ಚಿತ್ರವನ್ನು ಅಗಲಕ್ಕೆ ಎಳೆದಿದ್ದಾರೆ. ಟಿವಿಯಲ್ಲಿ ಚಿತ್ರದ ಅಗಲ-ಎತ್ತರದ ಅಳತೆಯನ್ನು 4:3ಕ್ಕೆ ತನ್ನಿ, ಟಿವಿಯ ಚಲನೆ ನುಣುಪಾಗಿಸುವ ಸೌಲಭ್ಯವನ್ನೂ ಆರಿಸಿ.

ಮೊದಲು ಹಾಕ್ಸ್ ಚಿತ್ರವನ್ನೇ ನೋಡಿ. ನಿಜವಾದ ಟ್ರ್ಯಾಕ್ ಕಣ್ಣಿಗೆ ಹತ್ತಿದ ಮೇಲೆ ಕೆಂಟ್ ಚಿತ್ರದ ಅಂಟುಗಳು ತಾವಾಗೇ ಕಾಣತೊಡಗುತ್ತವೆ. ಇನ್ನೂ ಒಂದಕ್ಕೆ ಸಮಯವಿದ್ದರೆ 1933ರ ‘ಹೈ ಗೇರ್’ ಇದೆ. ಧೈರ್ಯ ಕಳೆದುಕೊಂಡ ಚಾಲಕನ ಪಾತ್ರದಲ್ಲಿ ಜೇಮ್ಸ್ ಮರ್ರೆ ಕ್ಯಾಗ್ನಿ, ರೀಡ್ ಜೂನಿಯರ್ ಇಬ್ಬರಿಗಿಂತ ನಂಬುವಂತಿದ್ದಾರೆ.